ಹಳ್ಳಿ ನಾಟಕಕ್ಕೆ ದುಡ್ಡು ಎಲ್ಲಿಂದ, ಪಾತ್ರ ಯಾರಿಗೆ?

ತಮ್ಮಾ, ನಿಮ್ಮ ಪ್ರಶ್ನೆ ಓದಿದೆ. ಹಬ್ಬದ ಮೇಲೆ ಊರಲ್ಲಿ ಕುರುಕ್ಷೇತ್ರ ಆಡಬೇಕು, ಖರ್ಚು ಕೇಳಿದರೆ ಎದೆ ಝಲ್ ಅನ್ನುತ್ತೆ, ಸರ್ಕಾರದ ಅನುದಾನ ಸಿಗುತ್ತಾ ಅಂತ ಕೇಳಿದ್ದೀರಿ. ಕೊನೆಗೆ ಇನ್ನೊಂದು ಸಾಲು ಬರೆದಿದ್ದೀರಿ. ದಲಿತರ ಕಾಲೋನಿಯ ಇಬ್ಬರು ಹುಡುಗರು ಒಳ್ಳೇ ಹಾಡುಗಾರರು, ಆದರೆ ಪಾತ್ರಕ್ಕೆ ಕಟ್ಟೋಕೆ ಅವರ ಹತ್ತಿರ ದುಡ್ಡಿಲ್ಲ ಅಂತ. ಮೇಲೆ ಉತ್ತರ ಕೊಟ್ಟವರೆಲ್ಲ ಅನುದಾನದ ಬಗ್ಗೆಯೇ ಬರೆದಿದ್ದಾರೆ. ನನಗೆ ಆ ಕೊನೇ ಸಾಲೇ ದೊಡ್ಡದು ಅನ್ನಿಸಿತು. ನಾನೂ ತುಮಕೂರು ಕಡೆಯವನು. ನಮ್ಮ ಹೋಬಳಿಯ ತಂಡದಲ್ಲಿ ಹಾಡಿದ್ದಕ್ಕಿಂತ ಲೆಕ್ಕ ಬರೆದಿದ್ದೇ ಜಾಸ್ತಿ. ಆ ಲೆಕ್ಕದ ಪುಸ್ತಕದಿಂದ ಗೊತ್ತಾದದ್ದನ್ನು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಈ ವರ್ಷದ ನಾಟಕಕ್ಕೆ ಅನುದಾನವನ್ನು ನಂಬಿಕೊಂಡು ಕೂರಬೇಡಿ. ಅದು ಮುಂದಿನ ವರ್ಷಗಳ ಮಾತು. ಈ ಸಲದ ದುಡ್ಡು ಊರಿನಿಂದಲೇ ಹುಟ್ಟಬೇಕು. ಅದು ಹೇಗೆ ಹುಟ್ಟುತ್ತದೆ ಅನ್ನುವುದರ ಮೇಲೆ ಆ ಇಬ್ಬರು ಹುಡುಗರು ರಂಗದ ಮೇಲಿರುತ್ತಾರೋ ಕೆಳಗಿರುತ್ತಾರೋ ಅನ್ನುವುದು ತೀರ್ಮಾನವಾಗುತ್ತದೆ.

ಈ ಗುಂಪಿನಲ್ಲಿ ಕರಾವಳಿಯವರೂ ಉತ್ತರ ಕರ್ನಾಟಕದವರೂ ಇದ್ದೀರಿ, ನಿಮಗಾಗಿ ಒಂದು ಮಾತು. ಕರಾವಳಿಯ ಯಕ್ಷಗಾನದ ಹರಕೆ ಆಟದಲ್ಲಿ ಹರಕೆ ಹೊತ್ತವರು ಮೇಳಕ್ಕೆ ದುಡ್ಡು ಕೊಡುತ್ತಾರೆ, ಕಲಾವಿದರಿಗೆ ಸಂಬಳ, ಊರಿಗೆಲ್ಲ ಪುಕ್ಕಟೆ ಆಟ. ತುಮಕೂರು, ಮಂಡ್ಯ, ರಾಮನಗರ, ಹಾಸನದ ಕಡೆ ಪೌರಾಣಿಕ ನಾಟಕದಲ್ಲಿ ಇದು ತಿರುಗಾಮುರುಗಾ. ಇಲ್ಲಿ ಆಡುವವನೇ ದುಡ್ಡು ಕಟ್ಟಬೇಕು. ದುರ್ಯೋಧನ, ಕೃಷ್ಣ, ಭೀಮ ಅಂದರೆ ಹತ್ತಾರು ಸಾವಿರ. ವಿಕರ್ಣ, ಸೈಂಧವನಿಗೆ ಕಮ್ಮಿ. ಕೆಲವು ಊರಲ್ಲಿ ಪಾತ್ರವನ್ನು ಕೂಗಿ ಹರಾಜು ಹಾಕುವುದೂ ಉಂಟು. ಹೀಗೆ ಬಂದ ದುಡ್ಡಿನಲ್ಲೇ ಸೀನರಿ, ಡ್ರೆಸ್ಸು, ಮೈಕು, ನಾಟಕ ಕಲಿಸುವ ಮೇಷ್ಟ್ರ ಸಂಬಳ, ಸ್ತ್ರೀ ಪಾತ್ರದವರ ಸಂಭಾವನೆ ಎಲ್ಲ ನಡೆಯುತ್ತದೆ.

ಇದನ್ನು ಸುಮ್ನೆ ಬೈಯುವುದಕ್ಕೆ ನನಗೆ ಇಷ್ಟವಿಲ್ಲ. ಯಾವ ಸರ್ಕಾರದ ಹಂಗೂ ಇಲ್ಲದೆ ಹಳ್ಳಿ ನಾಟಕ ಇಷ್ಟು ವರ್ಷ ಉಳಿದಿದ್ದು ಇದೇ ಪದ್ಧತಿಯಿಂದ. ರೈತರು, ಡ್ರೈವರುಗಳು, ಅಂಗಡಿಯವರು ತಮ್ಮ ಜೇಬಿನ ದುಡ್ಡು ಹಾಕಿ ತಿಂಗಳುಗಟ್ಟಲೆ ಕಂದ ಪದ್ಯ ಕಲಿಯುತ್ತಾರೆ ಅಂದರೆ ಅದು ಸಣ್ಣ ಮಾತಲ್ಲ. ಆದರೆ ಇದರ ಪೆಟ್ಟು ಎಲ್ಲಿ ಬೀಳುತ್ತದೆ ನೋಡಿ. ದುಡ್ಡು ಕಟ್ಟಿದವನಿಗೆ ಶ್ರುತಿ ಹಿಡಿಯಲು ಬಾರದಿದ್ದರೂ ಮೇಷ್ಟ್ರು ಬೇಡ ಅನ್ನುವಂತಿಲ್ಲ, ಏಕೆಂದರೆ ಅವರ ಸಂಬಳ ಅವನ ಕೈಯಿಂದಲೇ ಬರಬೇಕು. ನಾಟಕ ಕೆಡುವುದು ಇಲ್ಲಿಂದಲೇ. ಬಡವರ ಮಕ್ಕಳು ಹೊರಗೆ ಉಳಿಯುವುದೂ ಇಲ್ಲಿಂದಲೇ.

ಹಾಗಾಗಿ ಮೊದಲ ಕೆಲಸ, ಮೇಷ್ಟ್ರ ಸಂಬಳವನ್ನು ಪಾತ್ರಧಾರಿಗಳಿಂದ ಬಿಡಿಸಿ. ಅದು ಕಮಿಟಿಯ ಖಾತೆಯಿಂದಲೇ ಹೋಗಲಿ. ಪಾತ್ರ ಯಾರಿಗೆ ಅನ್ನುವುದನ್ನು ಮೊದಲ ದಿನವೇ ಹೇಳಬೇಡಿ. ಒಂದು ತಿಂಗಳು ಎಲ್ಲರೂ ಎಲ್ಲ ಪದ್ಯ ಕಲಿಯಲಿ. ಆಮೇಲೆ ಹಾರ್ಮೋನಿಯಂ ಮುಂದೆ ಕೂರಿಸಿ, ಊರವರ ಎದುರಲ್ಲೇ ಹಾಡಿಸಿ, ಮೇಷ್ಟ್ರೇ ಹೇಳಲಿ. ಎದುರಲ್ಲೇ ಹಾಡಿಸಿದರೆ ಯಾರ ಬಾಯಿಯನ್ನೂ ಮುಚ್ಚಿಸಬೇಕಾಗಿಲ್ಲ. ಊರಿನ ಹೆಂಗಸರು, ಮುದುಕರಿಗೆ ಯಾರ ಗಂಟಲು ಹೇಗಿದೆ ಅಂತ ಚೆನ್ನಾಗಿ ಗೊತ್ತಾಗುತ್ತದೆ.

ಇಷ್ಟಾದರೂ ದುಡ್ಡಿದ್ದವರು ಮುನಿಸಿಕೊಳ್ಳುತ್ತಾರೆ. ಅದಕ್ಕೆ ನಮ್ಮ ನಾಟಕದಲ್ಲೇ ಒಂದು ಹಳೇ ಉಪಾಯ ಇದೆ, ಕರಪತ್ರದಲ್ಲಿ ನೋಡಿರುತ್ತೀರಿ: 1ನೇ ಕೃಷ್ಣ, 2ನೇ ಕೃಷ್ಣ, 1ನೇ ದುರ್ಯೋಧನ, 2ನೇ ದುರ್ಯೋಧನ. ದೊಡ್ಡ ಪಾತ್ರವನ್ನು ಸೀನಿನ ಪ್ರಕಾರ ಇಬ್ಬರಿಗೆ ಹಂಚುವುದು. ಮಾತು ಜಾಸ್ತಿ ಇರುವ ಸೀನು ಒಬ್ಬರಿಗೆ, ಹಾಡು ಜಾಸ್ತಿ ಇರುವ ಸೀನು ನಿಮ್ಮ ಹಾಡುವ ಹುಡುಗನಿಗೆ. ಜನ ಇದಕ್ಕೆ ಒಗ್ಗಿಕೊಂಡಿದ್ದಾರೆ, ಯಾರೂ ಪ್ರಶ್ನೆ ಮಾಡುವುದಿಲ್ಲ. ಬಾಗಿಲು ಕಾಯುವವನ ಪಾತ್ರ ಕೊಟ್ಟು ನ್ಯಾಯ ಮಾಡಿದೆವು ಅನ್ನಬೇಡಿ, ಅದು ನ್ಯಾಯ ಅಲ್ಲ.

ಈಗ ದುಡ್ಡು. ಒಂದು ಲೆಕ್ಕ ಬರೆಯುತ್ತೇನೆ. ಅಂಕಿ ಸುಮ್ನೆ ಉದಾಹರಣೆಗೆ, ನಿಮ್ಮೂರಿಗೆ ತಕ್ಕಂತೆ ಬದಲಿಸಿಕೊಳ್ಳಿ. ಒಟ್ಟು ಖರ್ಚು 2,40,000 ರೂಪಾಯಿ ಅಂತ ಇಟ್ಟುಕೊಳ್ಳಿ. 150 ಮನೆಯಿಂದ 400ರಂತೆ ವಂತಿಗೆ ಎತ್ತಿದರೆ 60,000. ಪಾತ್ರಧಾರಿಗಳಲ್ಲಿ ಕೊಡಲು ಶಕ್ತಿ ಇರುವ 20 ಜನರಿಂದ ತಲಾ 3,000, ದುರ್ಯೋಧನನಿಗೂ ಅಷ್ಟೇ, ದೂತನಿಗೂ ಅಷ್ಟೇ. ಅಲ್ಲಿಗೆ ಇನ್ನೊಂದು 60,000. ಶಕ್ತಿ ಇಲ್ಲದವರಿಂದ ಕೇಳಲೇಬೇಡಿ, ಯಾರು ಕೊಟ್ಟರು ಯಾರು ಕೊಡಲಿಲ್ಲ ಅನ್ನುವುದು ಖಜಾಂಚಿಗೆ ಬಿಟ್ಟು ಬೇರೆಯವರಿಗೆ ಗೊತ್ತಾಗುವುದೂ ಬೇಡ. ಉಳಿದ 1,20,000ದಲ್ಲಿ 80,000 ದಾನಿಗಳಿಂದ. ಅವರ ಹತ್ತಿರ ಸುಮ್ನೆ ದುಡ್ಡು ಅಂತ ಕೇಳಬೇಡಿ, ವಸ್ತು ತೋರಿಸಿ ಕೇಳಿ. ಸೀನರಿ ಬಾಡಿಗೆ ಒಬ್ಬರದು, ರಾತ್ರಿ ಊಟ ಒಬ್ಬರದು, ಮೈಕು ಇನ್ನೊಬ್ಬರದು. ಬೆಂಗಳೂರಿನಲ್ಲಿ ಇರುವ ನಿಮ್ಮೂರಿನವರು ಇದಕ್ಕೆ ಬೇಗ ಒಪ್ಪುತ್ತಾರೆ. ಕರಪತ್ರದ ಜಾಹೀರಾತು 20,000. ಕೊನೆಯ 20,000 ಆಟದ ರಾತ್ರಿ ಬರುವ ಮುಯ್ಯಿ.

ಮುಯ್ಯಿ ಅಂದೆನಲ್ಲ, ಅದರದೂ ಒಂದು ಕಥೆ. ನೆಂಟರು ಸೀನಿನ ನಡುವೆ ಹತ್ತಿ ಹಾರ ಹಾಕಿ, ನೋಟು ಚುಚ್ಚಿ, ಮೈಕಿನಲ್ಲಿ ಹೆಸರು ಕೂಗಿಸುತ್ತಾರೆ. ದೊಡ್ಡ ಮನೆಯ ಭೀಮನಿಗೆ ಹಾರದ ಮೇಲೆ ಹಾರ, ಪಕ್ಕದಲ್ಲಿ ನಿಂತ ಬಡ ನಕುಲನಿಗೆ ಒಂದೂ ಇಲ್ಲ. ಹಾರವನ್ನು ಸೀನು ಬದಲಾಗುವಾಗ ಮಾತ್ರ ಹಾಕಬೇಕು, ದುಡ್ಡೆಲ್ಲ ಕಮಿಟಿ ಡಬ್ಬಿಗೆ ಅಂತ ಮೊದಲೇ ಮೈಕಿನಲ್ಲಿ ಹೇಳಿಸಿ. ನಾಟಕವೂ ಬೇಗ ಮುಗಿಯುತ್ತದೆ.

ಬೇಗ ಮುಗಿಯುವುದು ಬರೀ ಅನುಕೂಲದ ಮಾತಲ್ಲ, ಕಾನೂನೂ ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು, ಅಷ್ಟೇ. ರಾತ್ರಿಯಿಡೀ ಆಡುವ ಊರುಗಳು ಠಾಣೆಯವರ ದಾಕ್ಷಿಣ್ಯದ ಮೇಲೆ ನಡೆಯುತ್ತಿವೆ. ಸಂಜೆ 6ಕ್ಕೇ ಶುರು ಮಾಡಿ ಸೀನು ಕತ್ತರಿಸಿ. ಹಳಬರು ಗೊಣಗುತ್ತಾರೆ, ಗೊಣಗಲಿ. ಸಂಜೆಯ ನಾಟಕಕ್ಕೆ ಹೆಣ್ಣುಮಕ್ಕಳು, ಶಾಲೆ ಮಕ್ಕಳು, ಪಕ್ಕದ ಹಳ್ಳಿಯವರು ಬಂದು ವಾಪಸ್ ಹೋಗಬಹುದು. ಬೆಳಗಿನ ಜಾವ ನಾಲ್ಕಕ್ಕೆ ಗದಾಯುದ್ಧ ನೋಡಲು ಯಾರು ಉಳಿದಿರುತ್ತಾರೆ, ನಿಮಗೇ ಗೊತ್ತು.

ಜಾಗದ ವಿಷಯ. ದೇವಸ್ಥಾನದ ಮುಂದೆ ಬೇಡ, ಶಾಲೆ ಮೈದಾನದಲ್ಲಿ ಆಡಿ. ದೇವಸ್ಥಾನದ ಮುಂದೆ ಎಲ್ಲರೂ ಸಲೀಸಾಗಿ ಬಂದು ಮುಂದೆ ಕೂರುತ್ತಾರಾ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ, ಉತ್ತರ ಇಲ್ಲಿ ಬರೆಯುವುದು ಬೇಡ. ಪ್ರಾಕ್ಟೀಸೂ ಯಾರದೋ ಮನೆಯ ಪಡಸಾಲೆಯಲ್ಲಿ ಬೇಡ. ಆ ಹುಡುಗರು ಹೊಸಿಲು ದಾಟಲು ಹಿಂದೆ ಮುಂದೆ ನೋಡಬೇಕಾಗುತ್ತದೆ. ಪಂಚಾಯಿತಿಯ ಅರಿವು ಕೇಂದ್ರ (ಊರಿನ ಗ್ರಂಥಾಲಯ) ಅಥವಾ ಶಾಲೆಯ ಕೋಣೆ ಕೇಳಿ. ಪಂಚಾಯಿತಿಯಿಂದ ದುಡ್ಡು ಕೇಳುವುದಕ್ಕಿಂತ ಕೋಣೆ, ಕರೆಂಟು, ನೀರು ಕೇಳುವುದು ಸುಲಭ. ಇನ್ನೊಂದು ಮಾತು ಕಹಿ ಅನ್ನಿಸಬಹುದು. ಜಾತ್ರೆಯಲ್ಲಿ ಅರೆವಾದ್ಯ ಬಡಿಯಲು ಕಾಲೋನಿಯವರೇ ಬೇಕು, ನಾಟಕದ ಕಮಿಟಿಯಲ್ಲಿ ಮಾತ್ರ ಅವರ ಹೆಸರಿಲ್ಲ. ಮೊದಲು ಕಮಿಟಿಯಲ್ಲಿ ಹಾಕಿ. ಖಜಾಂಚಿ ಮಾಡಿದರೆ ಇನ್ನೂ ಒಳ್ಳೆಯದು.

ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರ ಬಗ್ಗೆ ಯಾರೂ ಬರೆದಿಲ್ಲ. ಇಡೀ ನಾಟಕದಲ್ಲಿ ಹೊಟ್ಟೆಪಾಡಿಗೆ ಬಣ್ಣ ಹಚ್ಚುವವರು ಅವರು. ಮುಂಗಡ ಕೊಟ್ಟು ಬರೆದುಕೊಳ್ಳಿ. ಬಾಗಿಲು, ಚಿಲಕ ಇರುವ ಕೋಣೆ, ಹತ್ತಿರದಲ್ಲೇ ಶೌಚಾಲಯ, ಆಟ ಮುಗಿದ ತಕ್ಷಣ ವಾಪಸ್ ಹೋಗಲು ಗಾಡಿ, ಇವು ಬಜೆಟ್ಟಿನಲ್ಲೇ ಇರಲಿ. ಶಾಲೆ ಮೈದಾನ ಅಂದೆನಲ್ಲ, ಈ ಕೋಣೆ, ಶೌಚಾಲಯ ಅಲ್ಲೇ ಸಿಗುತ್ತದೆ. ಈಗ ಹೆಂಗಸರೇ ಸೇರಿ ಕುರುಕ್ಷೇತ್ರ ಆಡುವ ತಂಡಗಳೂ ಇವೆ. ನಿಮ್ಮೂರಿನ ಹೆಣ್ಣುಮಕ್ಕಳನ್ನು ಒಂದು ಸಲ ಕೇಳಿ ನೋಡಿ, ಕೇಳುವುದಕ್ಕೆ ಖರ್ಚೇನೂ ಇಲ್ಲ.

ಈಗ ಅನುದಾನಕ್ಕೆ ಬರೋಣ. ಮೊದಲು ಸಂಘ ನೋಂದಣಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ 18 ವರ್ಷ ದಾಟಿದ ಏಳು ಜನ ಸಾಕು. ಸಂಘಗಳ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಬೈಲಾ, ಅಂದರೆ ಸಂಘದ ನಿಯಮಾವಳಿ ಕೊಡಬೇಕು. ಆಮೇಲೆ ಸಂಘದ ಹೆಸರಲ್ಲಿ ಪ್ಯಾನ್ ಕಾರ್ಡ್, ಬ್ಯಾಂಕ್ ಖಾತೆ, ವರ್ಷ ವರ್ಷ ಆಡಿಟ್. ಬಹಳ ತಂಡಗಳು ಇಲ್ಲೇ ಎಡವುತ್ತವೆ. ನೋಂದಣಿ ಮಾಡಿ ಫ್ರೇಮ್ ಹಾಕಿ ಗೋಡೆಗೆ ನೇತುಹಾಕಿ ಮರೆತುಬಿಡುತ್ತಾರೆ, ವಾರ್ಷಿಕ ಸಭೆಯ ಪಟ್ಟಿ ಕೊಡುವುದಿಲ್ಲ, ಅರ್ಜಿ ಹಾಕುವ ವರ್ಷ ನವೀಕರಣ ಬಾಕಿ ಅಂತ ಗೊತ್ತಾಗುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ ಕೊಡುವ ಧನಸಹಾಯಕ್ಕೆ ಸಾಮಾನ್ಯವಾಗಿ ಹಿಂದಿನ ವರ್ಷಗಳ ಆಡಿಟ್ ವರದಿ, ಮಾಡಿದ ಕಾರ್ಯಕ್ರಮದ ಫೋಟೊ, ಪತ್ರಿಕಾ ವರದಿ ಕೇಳುತ್ತಾರೆ. ಅರ್ಜಿ ಸೇವಾ ಸಿಂಧು ಅನ್ನುವ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ. ವೇಷಭೂಷಣ, ವಾದ್ಯ ಖರೀದಿಗೂ ಸಹಾಯ ಉಂಟು. ನಿಮ್ಮಂಥ ತಂಡಕ್ಕೆ ಇದೇ ಒಳ್ಳೆಯದು. ಒಂದು ರಾತ್ರಿಯ ಕಾರ್ಯಕ್ರಮಕ್ಕೆ ಬಂದ ದುಡ್ಡು ಅವತ್ತೇ ಕರಗುತ್ತದೆ. ಹಾರ್ಮೋನಿಯಂ, ತಬಲ ಬಂದರೆ ಊರಲ್ಲೇ ಉಳಿಯುತ್ತವೆ, ಯಾರು ಬೇಕಾದರೂ ಕಲಿಯಬಹುದು.

ಪ್ರತಿ ವರ್ಷ ಅದೇ ತಂಡಗಳಿಗೆ ಸಿಗುತ್ತದೆ ಅಂತ ಒಬ್ಬರು ಮೇಲೆ ಸಿಟ್ಟಾಗಿದ್ದಾರೆ. ಸಿಟ್ಟು ಸರಿ. ಆಡಿಟರ್, ಕಂಪ್ಯೂಟರ್, ಬೆಂಗಳೂರಿಗೆ ಹೋಗಿ ಬರಲು ಬಿಡುವು, ಈ ಮೂರು ಇದ್ದವರ ಅರ್ಜಿ ಮುಂದೆ ಹೋಗುತ್ತದೆ. ಹಳ್ಳಿ ತಂಡದ ಕಾಗದದಲ್ಲಿ ಏನಾದರೂ ಒಂದು ಕಮ್ಮಿ ಇರುತ್ತದೆ. ಇದಕ್ಕೆ ನನಗೆ ಕಂಡ ದಾರಿ, ಹೋಬಳಿಯ ನಾಲ್ಕೈದು ತಂಡ ಸೇರಿ ಒಬ್ಬ ಆಡಿಟರನ್ನು ಹಿಡಿಯುವುದು. ಖರ್ಚು ಹಂಚಿಹೋಗುತ್ತದೆ, ಒಬ್ಬರ ಕಾಗದವನ್ನು ಇನ್ನೊಬ್ಬರು ನೋಡುತ್ತಾರೆ.

ಧನಸಹಾಯಕ್ಕಿಂತ ಬೇಗ ಸಿಗುವುದು ಇಲಾಖೆಯ ಕಾರ್ಯಕ್ರಮಗಳಲ್ಲಿ ಅವಕಾಶ. ಯುವ ಸೌರಭ, ಚಿಗುರು, ಮಹಿಳಾ ಸಾಂಸ್ಕೃತಿಕ ಉತ್ಸವ, ಗಿರಿಜನ ಉತ್ಸವ ಅಂತೆಲ್ಲ ಮಾಡುತ್ತಾ ಬಂದಿದ್ದಾರೆ. ಜಿಲ್ಲಾ ಸಹಾಯಕ ನಿರ್ದೇಶಕರ ಕಚೇರಿಗೆ ಒಬ್ಬರೇ ಹೋಗಬೇಡಿ, ಹಾಡುವ ಹುಡುಗರನ್ನೂ ಕರೆದುಕೊಂಡು ಹೋಗಿ ಹೆಸರು ಕೊಡಿ. ಸಣ್ಣ ಸಂಭಾವನೆ, ಒಂದು ಪ್ರಮಾಣಪತ್ರ. ಆ ಪ್ರಮಾಣಪತ್ರ ಮುಂದಿನ ಅರ್ಜಿಗೆ ಆಧಾರ.

ಪರಿಶಿಷ್ಟ ಜಾತಿ, ಪಂಗಡದ ಕಲಾವಿದರಿಗೆ ಬೇರೆ ಹಣವೇ ಇದೆ. 2013ರ ರಾಜ್ಯದ ಕಾಯ್ದೆಯ ಪ್ರಕಾರ ಅವರ ಏಳಿಗೆಯ ಉಪಯೋಜನೆಗೆ ಅಂತ ಇಲಾಖೆಗಳು ತಮ್ಮ ಬಜೆಟ್ಟಿನಲ್ಲಿ ಪಾಲು ಎತ್ತಿಡಬೇಕು, ಸಂಸ್ಕೃತಿ ಇಲಾಖೆಯೂ ಅದಕ್ಕೆ ಸೇರಿದೆ. ವಾದ್ಯ, ತರಬೇತಿ, ಕಾರ್ಯಕ್ರಮಕ್ಕೆ ಅದರಲ್ಲಿ ಸಹಾಯ ಸಿಗುತ್ತದೆ. ಆದರೆ ಅದು ಅವರದೇ ತಂಡಕ್ಕೆ, ಅವರ ಕೈಗೇ ಹೋಗಬೇಕು. ಕಾಗದದಲ್ಲಿ ಅವರ ಹೆಸರು ಹಾಕಿ ದುಡ್ಡು ಬೇರೆಯವರು ಬಳಸುವುದನ್ನು ಕಂಡಿದ್ದೇನೆ. ನಿಮ್ಮೂರಲ್ಲಿ ಅದು ಆಗಬಾರದು.

ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆ 'ಕಲಿ ಕಲಿಸು' ಅಂತ ಒಂದು ಕಾರ್ಯಕ್ರಮ ನಡೆಸುತ್ತಾ ಬಂದಿದೆ. ಕರ್ನಾಟಕದ ಸರ್ಕಾರಿ ಶಾಲೆ ಮೇಷ್ಟ್ರುಗಳು ಊರಿನ ಕಲೆಯನ್ನು ಪಾಠಕ್ಕೆ ಜೋಡಿಸಲು ಅದರಲ್ಲಿ ಅನುದಾನ ಕೊಟ್ಟಿದ್ದಾರೆ. ನಿಮ್ಮೂರ ಶಾಲೆಯಲ್ಲಿ ಆಸಕ್ತಿ ಇರುವ ಮೇಷ್ಟ್ರು ಇದ್ದರೆ ಹೇಳಿ. ಕಂಪನಿಗಳು ಸಮಾಜಕ್ಕೆ ಅಂತ ಕೊಡುವ ಸಿಎಸ್‌ಆರ್ ಹಣ ಕಲೆಗೂ ಬರಬಹುದು, ಆದರೆ ಹೊಸ ಸಂಘಕ್ಕೆ ಆ ಕಾಗದಪತ್ರ ಭಾರ. ಈಗ ಬಿಟ್ಟುಬಿಡಿ.

ಹೆಗ್ಗೋಡಿನ ಉದಾಹರಣೆ ಒಬ್ಬರು ಕೊಟ್ಟಿದ್ದಾರೆ. ಅಲ್ಲಿನ ರಂಗಸಂಸ್ಥೆ ನೀನಾಸಂ ಶುರುವಾಗಿದ್ದು 1949ರಲ್ಲಿ, ಊರೂರು ಸುತ್ತಿ ನಾಟಕ ಆಡುವ ಅವರ ತಂಡ 'ತಿರುಗಾಟ' ಹೊರಟಿದ್ದು 1985ರಲ್ಲಿ, ನಡುವಿನ ವರ್ಷಗಳನ್ನು ಲೆಕ್ಕ ಹಾಕಿ. 1980ರ ದಶಕದಲ್ಲಿ ಅವರು ಉತ್ತರ ಕನ್ನಡದ ಸಿದ್ದಿಗಳ (ಆಫ್ರಿಕಾ ಮೂಲದ ಸಮುದಾಯ) ಜೊತೆಯೂ ನಾಟಕ ಮಾಡಿದರು. ಅಲ್ಲಿಂದ ನಾವು ಕಲಿಯಬೇಕಾದದ್ದು ಕಟ್ಟಡ ಕಟ್ಟುವುದನ್ನಲ್ಲ, ಯಾರ ಹತ್ತಿರ ನಾವೇ ಹೋಗಬೇಕು ಅನ್ನುವುದನ್ನು.

ಕೊನೆಗೊಂದು, ನಿಮ್ಮೂರಿನ ಹಳೇ ನಾಟಕದ ಮೇಷ್ಟ್ರ ವಿಷಯವನ್ನೂ ಬರೆದಿದ್ದೀರಿ. ಅವರಿಗೆ 58 ದಾಟಿದ್ದು, ಕಷ್ಟದಲ್ಲಿದ್ದರೆ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿಸಿ, ಅದೂ ಸೇವಾ ಸಿಂಧುವಿನಲ್ಲೇ. ಇಷ್ಟು ವರ್ಷ ಕಲಾಸೇವೆ ಮಾಡಿದ್ದಕ್ಕೆ ದಾಖಲೆ ಕೇಳುತ್ತಾರೆ. ಹಳೇ ಕರಪತ್ರಗಳೇ ದೊಡ್ಡ ಆಧಾರ. ಮನೆಮನೆಯ ಟ್ರಂಕು, ಪೆಟ್ಟಿಗೆ ಹುಡುಕಿಸಿ, ಅವರ ಹೆಸರಿರುವ ಕರಪತ್ರ ಸಿಕ್ಕರೆ ಮೊದಲು ಫೋಟೊ ತೆಗೆದಿಡಿ. ಅರ್ಜಿ ಯಾವಾಗ ತೆರೆದಿದೆ ಅಂತ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ, ದಿನಾಂಕ ವರ್ಷ ವರ್ಷ ಬದಲಾಗುತ್ತದೆ. ನಮ್ಮ ಸಂಘದ ಬೈಲಾ ಟೈಪ್ ಮಾಡಿದ್ದು ನನ್ನ ಹತ್ತಿರ ಇದೆ, ಬೇಕಾದರೆ ಹೇಳಿ, ಇಲ್ಲೇ ಹಾಕುತ್ತೇನೆ.