ಅನಾಟಮಿ ತಲೆಯಲ್ಲಿ ನಿಲ್ಲುತ್ತಿಲ್ಲ

ಪ್ರಶ್ನೆ: ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಈಗ ಮಡಿಕೇರಿಯಲ್ಲಿ ಮೊದಲ ವರ್ಷದ ನರ್ಸಿಂಗ್. ಎಷ್ಟು ಓದಿದರೂ ಇಂಟರ್ನಲ್ಸ್‌ನಲ್ಲಿ ಅನಾಟಮಿ (ದೇಹರಚನೆಯ ಪಾಠ) ಕೈಕೊಡುತ್ತಿದೆ. ಏನು ಮಾಡಲಿ?
– ಓದುಗಿ, ನಾಪೋಕ್ಲು

ಉತ್ತರ: ಓದಿದ್ದು ಸಾಕು, ಬರೆಯಲು ಶುರುಮಾಡಿ. ಹೃದಯವನ್ನೇ ತೆಗೆದುಕೊಳ್ಳಿ. ಪುಸ್ತಕ ಮುಚ್ಚಿ 4 ಕೋಣೆ, 4 ಕವಾಟ ಬಿಡಿಸಿ, ಹೆಸರು ಬರೆಯಿರಿ. ಬಲ ಏಟ್ರಿಯಂನಿಂದ (ಬಲಭಾಗದ ಮೇಲಿನ ಕೋಣೆ) ಅಯೋರ್ಟಾವರೆಗೆ (ದೇಹಕ್ಕೆ ರಕ್ತ ಒಯ್ಯುವ ದೊಡ್ಡ ನಾಳ) ರಕ್ತದ ದಾರಿಗೆ ಬಾಣ ಹಾಕಿ. ಹೆಚ್ಚಿನವರು ಎಡವುವುದು ಶ್ವಾಸಕೋಶದ ಹತ್ತಿರ: ಆರ್ಟರಿ ಎಂದ ಕೂಡಲೇ ಆಮ್ಲಜನಕ ತುಂಬಿದ ರಕ್ತ ಎಂದು ಬರೆದುಬಿಡುತ್ತಾರೆ. ಆರ್ಟರಿ ಹೃದಯದಿಂದ ಹೊರಡುವ ನಾಳ, ಅಷ್ಟೇ. ಶ್ವಾಸಕೋಶಕ್ಕೆ ಹೋಗುವ ಪಲ್ಮನರಿ ಆರ್ಟರಿಯಲ್ಲಿ ಹರಿಯುವುದು ಆಮ್ಲಜನಕ ಕಡಿಮೆಯಿರುವ ರಕ್ತ. ತಪ್ಪನ್ನು ಕೆಂಪು ಪೆನ್ನಿನಲ್ಲಿ ತಿದ್ದಿ. ಮರುದಿನ, 3ನೇ ದಿನ, 7ನೇ ದಿನ ಅದೇ ಚಿತ್ರವನ್ನು ನೋಡದೆ ಬಿಡಿಸಿ. ಹೈಲೈಟರ್ ಬಳಿಯುವುದರಿಂದ ಓದಿದ ಸಮಾಧಾನ ಬರುತ್ತದೆ, ಅಂಕವಲ್ಲ!

ಇಂಗ್ಲಿಷ್ ಸ್ಪೆಲಿಂಗ್‌ಗೆ ದಿನಕ್ಕೆ 10 ಪದ ಸಾಕು, ಆದರೆ ಬರೆದೇ ಕಲಿಯಬೇಕು.

ನಮ್ಮ ಮಳೆಗಾಲದಲ್ಲಿ ಕರೆಂಟ್ ನಂಬುವಂತಿಲ್ಲ. ನೋಟ್ಸ್ ಮೊಬೈಲಿನಲ್ಲಷ್ಟೇ ಇದ್ದರೆ ಇಂದೇ ಜೆರಾಕ್ಸ್ ಮಾಡಿಸಿ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಿಡಬೇಡಿ. ಇಂಟರ್ನಲ್ಸ್ ಉತ್ತರಪತ್ರಿಕೆ ಹಿಡಿದು ಈ ವಾರವೇ ಮೇಡಂ ಬಳಿ ಹೋಗಿ, ಅಂಕ ಹೋದದ್ದು ಚಿತ್ರದಲ್ಲೋ ವಿವರಣೆಯಲ್ಲೋ ಕೇಳಿಕೊಳ್ಳಿ.