ಮೊದಲ ಶೇವಿಂಗ್ ಬ್ರಷ್: ಕೂದಲಿನ ಹೆಸರಿಗಿಂತ ಮೊದಲು ಅಳತೆ ನೋಡಿ

ಡಬ್ಬಿಯ ಫೋಮ್ ಬಿಟ್ಟು ಸೋಪು, ಬ್ರಷ್, ಡಬಲ್ ಎಡ್ಜ್ ರೇಜರ್‌ಗೆ ಬರುತ್ತಿದ್ದೀರಿ. ಬ್ಯಾಡ್ಜರ್ ಅನ್ನುವ ಕಾಡುಪ್ರಾಣಿಯ ಕೂದಲಿನ ಬ್ರಷ್ಷೇ ಶ್ರೇಷ್ಠ ಅಂತ ಎಲ್ಲ ಕಡೆ ಓದಿದ್ದೀರಿ, ಕತ್ತಿನ ಚರ್ಮ ಬೇಗ ಕೆಂಪಾಗುತ್ತದೆ, ಹಾಗಾಗಿ ಅಷ್ಟು ದುಡ್ಡು ಹಾಕಲೇಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ. ಮೊದಲ ಬ್ರಷ್ಷಾಗಿ ಮೃದು ತುದಿಯ ಸಿಂಥೆಟಿಕ್, ಅಂದರೆ ಕೃತಕ ಎಳೆಯದ್ದು, ತಗೊಳ್ಳಿ: ಕೂದಲಿನ ಕುಚ್ಚಿನ ದಪ್ಪ 24 ಮಿ.ಮೀ., ಎತ್ತರ 50ರಿಂದ 53 ಮಿ.ಮೀ. ಈ ಅಳತೆ ಯಾಕೆ ಅನ್ನುವುದು ತಿಳಿದರೆ ಮುಂದೆ ಯಾವ ಬ್ರಷ್ ಕೈಗೆ ಬಂದರೂ ನೀವೇ ತೂಗಿ ನೋಡಬಹುದು.

ಹಿಡಿಯೊಳಗೆ ಅಂಟು ಹಾಕಿ ಕೂರಿಸಿದ ಕೂದಲಿನ ಕಟ್ಟಿಗೆ ನಾಟ್ ಅನ್ನುತ್ತಾರೆ, ನಾನು ಕುಚ್ಚು ಅಂತಲೇ ಬರೆಯುತ್ತೇನೆ. ಅದರ ದಪ್ಪವನ್ನು ಅಳೆಯುವುದು ಬುಡದಲ್ಲಿ, ಕೂದಲು ಹಿಡಿಯಿಂದ ಹೊರಬರುವ ಜಾಗದಲ್ಲಿ. ಹಿಡಿಯ ಮೇಲಂಚಿನಿಂದ ಕೂದಲಿನ ತುದಿಯವರೆಗಿನ ಎತ್ತರ ಲಾಫ್ಟ್. ಇವೆರಡರ ನಡುವಿನ ಅನುಪಾತವೇ ಬ್ರಷ್ಷಿನ ಸ್ವಭಾವವನ್ನು ಬಹುಪಾಲು ತೀರ್ಮಾನಿಸುತ್ತದೆ. ಎತ್ತರವನ್ನು ದಪ್ಪದಿಂದ ಭಾಗಿಸಿ. ಬ್ಯಾಡ್ಜರ್‌ಗೂ ಸಿಂಥೆಟಿಕ್‌ಗೂ 2ರಿಂದ 2.2ರೊಳಗೆ ಬಂದರೆ ಕುಚ್ಚಿಗೆ ಬೆನ್ನೆಲುಬೂ (ಒತ್ತಿದರೆ ಸೋಲದ ಬಿಗಿ) ಇರುತ್ತದೆ, ಬಾಗುವ ಗುಣವೂ ಇರುತ್ತದೆ. 2ಕ್ಕಿಂತ ತುಂಬ ಕೆಳಗಿಳಿದರೆ ಚರ್ಮಕ್ಕೆ ಒತ್ತುತ್ತದೆ, ನೊರೆಯನ್ನು ಬುಡದಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. 2.4 ದಾಟಿದರೆ ಒದ್ದೆಯಾದ ಮೇಲೆ ಸೋತು ಮಲಗುತ್ತದೆ, ಗಟ್ಟಿ ಸೋಪಿನ ಮೇಲೆ ಉಜ್ಜಿದರೂ ಸೋಪು ಏಳುವುದಿಲ್ಲ. ಹಂದಿಕೂದಲಿನ ಎಳೆಯೇ ದಪ್ಪ, ಹಾಗಾಗಿ ಅದಕ್ಕೆ ಎತ್ತರ ಹೆಚ್ಚಿರಬೇಕು: 24 ಮಿ.ಮೀ. ದಪ್ಪಕ್ಕೆ 55ರಿಂದ 60 ಮಿ.ಮೀ. ಸರಿಹೋಗುತ್ತದೆ.

ದಪ್ಪ ಹೆಚ್ಚಿದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ತಪ್ಪು. 28 ಮಿ.ಮೀ. ಕುಚ್ಚು ಸೋಪು, ನೀರು ಎರಡನ್ನೂ ಕುಡಿಯುತ್ತದೆ. ಮೂಗಿನ ಕೆಳಗೆ ಹಚ್ಚಲು ಹೋದರೆ ಮೂಗಿನೊಳಗೂ ಹೋಗುತ್ತದೆ. ಮೀಸೆಯ ಸುತ್ತ ಅಂಚು ಕಟ್ಟಿ ಬೋಳಿಸುವವರಿಗೆ 20ರಿಂದ 22 ಮಿ.ಮೀ. ಸಾಕು. ಕುಚ್ಚಿನ ತುದಿ ಮೊಗ್ಗಿನಂತೆ ಗುಂಡಗಿದ್ದರೆ ನಡುವಿನ ಕೂದಲಿಗೆ ಆಸರೆ ಹೆಚ್ಚು, ಮುಖದ ಮೇಲೆ ಎಲ್ಲಿಗೆ ಬೇಕೋ ಅಲ್ಲಿಗೆ ಸರಿಯಾಗಿ ಹಚ್ಚಬಹುದು. ಬೀಸಣಿಗೆಯಂತೆ ಅಗಲಿಸಿದ್ದರೆ ಒಂದೇ ಎಳೆತಕ್ಕೆ ಹೆಚ್ಚು ಜಾಗಕ್ಕೆ ನೊರೆ ಹತ್ತುತ್ತದೆ.

ಈಗ ಕೂದಲು. ಇಲ್ಲಿ ನೋಡಬೇಕಾದ್ದು ನೀರಿನ ಜೊತೆ ಅದು ಹೇಗೆ ವರ್ತಿಸುತ್ತದೆ ಅನ್ನುವುದನ್ನು. ಹಂದಿಕೂದಲಿನ ಎಳೆಯೇ ನೀರು ಹೀರುತ್ತದೆ. ಒಣಗಿದ್ದಾಗ ಪೊರಕೆಯಂತಿರುವುದು 3-4 ನಿಮಿಷ ಬೆಚ್ಚನೆ ನೀರಲ್ಲಿ ನೆಂದ ಮೇಲೆ ಮೆತ್ತಗಾಗುತ್ತದೆ. ನೆನೆಸದೆ ಬಳಸಿದರೆ ಅದು ನಿಮ್ಮ ನೊರೆಯಲ್ಲಿರುವ ನೀರನ್ನೇ ಎಳೆದುಕೊಳ್ಳುತ್ತದೆ, ಅರ್ಧ ಮುಖ ಆಗುವಷ್ಟರಲ್ಲಿ ನೊರೆ ಒಣಗುತ್ತದೆ. ಹೊಸ ಹಂದಿಕೂದಲಿನ ಬ್ರಷ್ ಹತ್ತು ಹದಿನೈದು ಕ್ಷೌರದವರೆಗೆ ಚುಚ್ಚುತ್ತದೆ. ಆಮೇಲೆ ಒಂದೊಂದು ಎಳೆಯ ತುದಿಯೂ ಎರಡು ಮೂರಾಗಿ ಸೀಳುತ್ತಾ ಹೋಗುತ್ತದೆ, ಮೃದುತನ ಬರುವುದು ಈ ಸೀಳಿನಿಂದಲೇ. ಆದ್ದರಿಂದ ಮೂರನೇ ದಿನವೇ ಬೇಸತ್ತು ಎಸೆಯಬೇಡಿ. ಪ್ರಾಣಿಯ ವಾಸನೆ ಇದ್ದರೆ ದಟ್ಟ ನೊರೆ ಕಟ್ಟಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೊಳೆಯಿರಿ. ಎರಡು ಮೂರು ಸಲಕ್ಕೆ ಹೋಗುತ್ತದೆ.

ಬ್ಯಾಡ್ಜರ್ ಎಳೆ ಸಣ್ಣದು, ತುದಿ ಚೂಪಾಗಿ ಸಣ್ಣಗಾಗುತ್ತದೆ, ನೀರು ಎಳೆಗಳ ನಡುವೆ ನಿಲ್ಲುತ್ತದೆ. ಒಂದು ನಿಮಿಷ ನೆನೆಸಿದರೆ ಸಾಕು. ಬೆಚ್ಚನೆಯ ನೀರನ್ನು ಹೊತ್ತುಕೊಂಡು ಮುಖಕ್ಕೆ ತರುವುದರಲ್ಲಿ ಇದಕ್ಕೆ ಸಾಟಿ ಕಡಿಮೆ, ಅದಕ್ಕೆ ಒಳ್ಳೆಯ ಹೆಸರು ಬಂದಿರುವುದೂ ಇದರಿಂದಲೇ. ಆದರೆ ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಅಂತ ಬರೆದಿರುವ ದರ್ಜೆಗಳಿಗೆ ಎಲ್ಲರೂ ಒಪ್ಪಿದ ಅಳತೆಗೋಲು ಇಲ್ಲ. ಒಬ್ಬ ತಯಾರಕರ ಬೆಸ್ಟ್ ಇನ್ನೊಬ್ಬರ ಸೂಪರ್‌ಗಿಂತ ಮೇಲಿರಬಹುದು. ಬಿಳಿ ತುದಿ ನೋಡಿಯೂ ಮರುಳಾಗಬೇಡಿ, ಬ್ಲೀಚ್ ಮಾಡಿದ್ದಿರಬಹುದು. ಬ್ಯಾಡ್ಜರ್‌ನಂತೆ ಕಾಣಲಿ ಅಂತ ಹಂದಿಕೂದಲಿಗೆ ನಡುವೆ ಕಪ್ಪು ಪಟ್ಟಿ ಹಾಕುವುದೂ ಉಂಟು. ಒಂದು ಮಾತು ಮುಚ್ಚಿಡಬಾರದು: ಬ್ಯಾಡ್ಜರ್ ಕೂದಲಿಗಾಗಿ ಆ ಪ್ರಾಣಿಯನ್ನು ಕೊಲ್ಲುತ್ತಾರೆ. ಕುದುರೆಯ ಬಾಲ, ಕೇಸರಗಳ ಕೂದಲನ್ನು ಕತ್ತರಿಸಿ ತೆಗೆಯಬಹುದು. ಆ ಬ್ರಷ್ಷು ಹಂದಿ ಮತ್ತು ಬ್ಯಾಡ್ಜರ್‌ಗಳ ನಡುವಿನ ಹದದ್ದು. ಪ್ರಾಣಿಜನ್ಯ ವಸ್ತುವೇ ಬೇಡ ಅನ್ನುವವರಿಗೆ ಸಿಂಥೆಟಿಕ್ ಒಂದೇ ದಾರಿ, ಮತ್ತು ಅದೀಗ ರಾಜಿ ಮಾಡಿಕೊಳ್ಳುವ ದಾರಿಯಲ್ಲ.

ಸಿಂಥೆಟಿಕ್ ಎಳೆ ನೀರು ಹೀರುವುದಿಲ್ಲ. ನೆನೆಸುವ ಕೆಲಸವಿಲ್ಲ, ಅದ್ದಿ ಕೊಡವಿದರೆ ತಯಾರು. ಬೇಗ ಒಣಗುತ್ತದೆ, ಪಳಗಿಸುವ ಅಗತ್ಯವಿಲ್ಲ, ಮೊದಲ ದಿನವೇ ತುದಿ ಮೆತ್ತಗಿರುತ್ತದೆ. ನಿಮ್ಮ ಕತ್ತಿನ ವಿಷಯಕ್ಕೆ ಇದೇ ಮುಖ್ಯ. ದೋಷವೂ ಇದೆ: ಒಳಗೆ ನೀರಿನ ದಾಸ್ತಾನು ಕಡಿಮೆ, ಹಾಗಾಗಿ ನೀರನ್ನು ನೀವೇ ಹನಿ ಹನಿಯಾಗಿ ಸೇರಿಸುತ್ತಾ ಹೋಗಬೇಕು. ಎಳೆಗಳಿಗೆ ಸ್ಪ್ರಿಂಗಿನಂಥ ಗುಣ ಜಾಸ್ತಿ, ಜೋರಾಗಿ ಆಡಿಸಿದರೆ ನೊರೆ ಗೋಡೆಗೆ ಸಿಡಿಯುತ್ತದೆ.

ಯಾವ ಸೋಪು ಬಳಸುತ್ತೀರಿ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ. ಗಟ್ಟಿ ಬಿಲ್ಲೆ ಸೋಪಿಗೆ ಬೆನ್ನೆಲುಬಿರುವ ಕುಚ್ಚು ಬೇಕು. ಟ್ಯೂಬಿನ ಕ್ರೀಮ್ ಆದರೆ ಸೋತ ಬ್ರಷ್ಷೂ ನಿಭಾಯಿಸುತ್ತದೆ. ನೊರೆಯನ್ನು ಮುಖದ ಮೇಲೇ ಕಟ್ಟುವವರು ಸ್ವಲ್ಪ ಗಿಡ್ಡ ಕುಚ್ಚು, ಬಟ್ಟಲಲ್ಲಿ ಕಟ್ಟುವವರು ಸ್ವಲ್ಪ ಎತ್ತರದ್ದು ಆರಿಸಿದರೆ ಅನುಕೂಲ.

ಬ್ರಷ್ಷು ಒಳ್ಳೆಯದಿದ್ದೂ ನೊರೆ ಬರಲಿಲ್ಲ ಅಂದರೆ ಬಹಳ ಸಲ ತಪ್ಪು ಸೋಪು ತುಂಬಿಸುವಲ್ಲಿರುತ್ತದೆ. ಅದ್ದಿದ ಬ್ರಷ್ಷನ್ನು ಮೂರು ಸಲ ಕೊಡವಿ, ಬಿಲ್ಲೆಯ ಮೇಲೆ 20ರಿಂದ 30 ಸೆಕೆಂಡ್ ತಿರುಗಿಸಿ. ಮೊದಲು ದೊಡ್ಡ ಗುಳ್ಳೆ ಬರುತ್ತವೆ, ನಿಲ್ಲಿಸಬೇಡಿ. ಗುಳ್ಳೆ ಮಾಯವಾಗಿ ದಪ್ಪ ಮೊಸರಿನಂಥ ಪೇಸ್ಟು ಕುಚ್ಚಿನ ಮೇಲಿನ ಮೂರನೇ ಒಂದು ಭಾಗಕ್ಕೆ ಅಂಟಿದಾಗ ಸೋಪು ಸಾಕಷ್ಟು ತುಂಬಿದೆ. ಕ್ರೀಮ್ ಆದರೆ ಬಾದಾಮಿ ಗಾತ್ರದಷ್ಟು ಸಾಕು. ಒದ್ದೆ ಮುಖದ ಮೇಲೆ ಹಚ್ಚಲು ಶುರುಮಾಡಿ, ಆಗಾಗ ತುದಿಯನ್ನಷ್ಟೇ ನೀರಿಗೆ ತಾಗಿಸಿ ಮುಂದುವರಿಸಿ. ಮ್ಯಾಟ್ ಬಣ್ಣದಂತಿದ್ದ ಪೇಸ್ಟಿಗೆ ಒಂದು ಹಂತದಲ್ಲಿ ಹೊಳಪು ಬರುತ್ತದೆ, ಆಗ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ. ಬೆರಳು ತಡೆಯಿಲ್ಲದೆ ಜಾರಿದರೆ ಹದ ಬಂದಿದೆ. ಅಂಟಂಟಾದರೆ ನೀರು ಕಡಿಮೆ, ಹರಿದು ಗುಳ್ಳೆ ಒಡೆಯುತ್ತಿದ್ದರೆ ನೀರು ಹೆಚ್ಚು. ನೀರು ಹೆಚ್ಚಾದಾಗ ಮತ್ತೆ ಸೋಪಿನ ಮೇಲೆ ಹತ್ತು ಸೆಕೆಂಡ್ ತಿರುಗಿಸಿದರೆ ಸರಿಹೋಗುತ್ತದೆ. ನೀರು ಗಡುಸಾಗಿದ್ದರೆ ಸೋಪಿನ ಒಂದಷ್ಟು ಭಾಗ ಸುಣ್ಣದ ಅಂಶಕ್ಕೇ ಖರ್ಚಾಗುತ್ತದೆ, ತುಂಬಿಸುವ ಹೊತ್ತನ್ನು ಅರ್ಧದಷ್ಟು ಹೆಚ್ಚಿಸಿ.

ಕತ್ತಿಗೆ ಮಾತ್ರ ಸುತ್ತು ಸುತ್ತಾಗಿ ಉಜ್ಜಬೇಡಿ. ಗೋಡೆಗೆ ಬಣ್ಣ ಬಳಿಯುವಂತೆ ಮೇಲೆ ಕೆಳಗೆ ಎಳೆಯಿರಿ. ರೇಜರ್ ಇಡುವ ಮೊದಲೇ ಚರ್ಮ ಕೆಂಪಾಗಿದ್ದರೆ ಕಾರಣ ಬ್ರಷ್ಷು ಅಥವಾ ಅದರ ಒತ್ತಡ. ಬೋಳಿಸಿದ ಮೇಲೆ ಮಾತ್ರ ಕೆಂಪಾದರೆ ಬ್ರಷ್ ಬದಲಿಸಿ ಪ್ರಯೋಜನವಿಲ್ಲ, ರೇಜರಿನ ಕೋನ ಮತ್ತು ಒತ್ತಡ ನೋಡಿಕೊಳ್ಳಿ.

ಅಂಗಡಿಯಲ್ಲಿ ಬ್ರಷ್ ಕೈಗೆ ಸಿಕ್ಕರೆ ತುದಿಯನ್ನು ಕೆನ್ನೆಗೆ ಒತ್ತಿ ನೋಡುವುದಷ್ಟೇ ಸಾಲದು, ಒಣ ಕೂದಲು ಒದ್ದೆಯಾದಾಗ ಹೇಗಿರುತ್ತದೆ ಅಂತ ಅದು ಹೇಳುವುದಿಲ್ಲ. ಕುಚ್ಚಿನ ಕೂದಲನ್ನು ಅಗಲಿಸಿ ಬುಡ ನೋಡಿ. ನಡುವೆ ಬೆರಳಿಟ್ಟು ಒತ್ತಿದಾಗ ಹಿಡಿಯ ಅಂಚಿಗಿಂತ ಮೇಲೆ ಗಟ್ಟಿ ಗಂಟು ಸಿಕ್ಕಿದರೆ ಅಂಟು ಮೇಲಕ್ಕೇರಿದೆ ಅಂತ ಅರ್ಥ. ಬರೆದಿರುವ ಎತ್ತರ 50 ಇದ್ದರೂ ಬಾಗುವುದು 42 ಮಾತ್ರ ಆಗಬಹುದು. ಹಿಡಿಯನ್ನು ತಿರುಗಿಸಿ, ಕುಚ್ಚು ಒಂದು ಕಡೆಗೆ ವಾಲಿದೆಯಾ ನೋಡಿ. ಸೋಪು ಹತ್ತಿದ ಕೈಯಿಂದ ಜಾರದಂತೆ ಹಿಡಿಗೆ ಸೊಂಟ ಇರಬೇಕು. ಮರದ ಹಿಡಿ ಚೆಂದ, ಆದರೆ ಮೇಲಿನ ಲೇಪ ಬಿಟ್ಟರೆ ನೀರು ಕುಡಿದು ಸೀಳುತ್ತದೆ, ಗಟ್ಟಿ ಪ್ಲಾಸ್ಟಿಕ್‌ನಂಥ ರೆಸಿನ್ ಹಿಡಿಗೆ ಆ ಚಿಂತೆಯಿಲ್ಲ. ಮೂಲ ಗೊತ್ತಿಲ್ಲದ ಹಳೆಯ ಕೂದಲಿನ ಬ್ರಷ್ ಕೊಳ್ಳಬೇಡಿ. 1914-18ರ ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಸೋಂಕು ಕಳೆಯದ ಕುದುರೆಕೂದಲಿನ ಬ್ರಷ್ಷುಗಳಿಂದ ಜನರಿಗೆ ಆಂತ್ರಾಕ್ಸ್ ಅನ್ನುವ ಮಾರಕ ಸೋಂಕು ತಗುಲಿತ್ತು. ಹಿಡಿ ಇಷ್ಟವಾದರೆ ಹಳೆ ಕುಚ್ಚು ತೆಗೆಸಿ ಹೊಸ ಸಿಂಥೆಟಿಕ್ ಕುಚ್ಚು ಕೂರಿಸಿಕೊಳ್ಳಬಹುದು.

ಪ್ರಾಣಿಕೂದಲಿನ ಹೊಸ ಬ್ರಷ್ ಮೊದಲ ವಾರ ನಾಲ್ಕೈದು ಎಳೆ ಉದುರಿಸಿದರೆ ಗಾಬರಿ ಬೇಡ, ಕಟ್ಟಿಗೆ ಸಿಕ್ಕದ ಎಳೆಗಳು ಅವು. ತಿಂಗಳು ಕಳೆದರೂ ದಿನಾ ಉದುರುತ್ತಿದ್ದರೆ ಅಂಟು ಸರಿಯಿಲ್ಲ, ವಾಪಸ್ ಕೊಡಿ. ಕುದಿಯುವ ನೀರು ಅಂಟನ್ನೂ ಕೂದಲನ್ನೂ ಹಾಳುಮಾಡುತ್ತದೆ. ಕೈಗೆ ತಾಳುವಷ್ಟು ಬಿಸಿ ಸಾಕು, ಅದರಲ್ಲೂ ಕೂದಲು ಮುಳುಗಲಿ, ಹಿಡಿ ಮುಳುಗುವುದು ಬೇಡ. ಕುಚ್ಚನ್ನು ಚಪ್ಪಟೆಯಾಗುವಷ್ಟು ಒತ್ತಿ ತಿರುಗಿಸುತ್ತಿದ್ದರೆ ನಡುವಿನ ಎಳೆಗಳು ಬುಡದಲ್ಲೇ ಮುರಿದು ಕೆಲವೇ ತಿಂಗಳಲ್ಲಿ ಉದ್ದಿನ ವಡೆಯಂತೆ ನಡುವೆ ತೂತು ಬೀಳುತ್ತದೆ. ಎತ್ತರದ ಮೂರನೇ ಒಂದು ಭಾಗ ಬಾಗುವಷ್ಟು ಒತ್ತಡ ಸಾಕು.

ಬಳಸಿದ ಮೇಲೆ ನೀರು ತಿಳಿಯಾಗುವವರೆಗೆ ತೊಳೆದು, ಮೆಲ್ಲಗೆ ಹಿಂಡಿ, ಕೊಡವಿ, ಗಾಳಿಯಾಡುವ ಕಡೆ ಇಡಿ. ನೇತುಹಾಕಿದರೂ ಸರಿ, ನಿಲ್ಲಿಸಿದರೂ ಸರಿ, ಹೆಚ್ಚು ವ್ಯತ್ಯಾಸವಿಲ್ಲ. ಒದ್ದೆಯಾಗಿ ಮುಚ್ಚಿದ ಡಬ್ಬಿಗೆ ಹಾಕಿದರೆ ಮಾತ್ರ ಬೂಷ್ಟು ಖಚಿತ. ಎರಡು ಮೂರು ತಿಂಗಳಿಗೊಮ್ಮೆ ಬುಡದಲ್ಲಿ ಬಿಳಿ ಜಿಡ್ಡು ಕಟ್ಟಿ ಕುಚ್ಚು ಬಿರುಸಾದಂತೆ ಅನ್ನಿಸಿದರೆ ಒಂದು ಪಾಲು ಬಿಳಿ ವಿನೆಗರ್‌ಗೆ ಒಂಬತ್ತು ಪಾಲು ಉಗುರುಬೆಚ್ಚಗಿನ ನೀರು ಬೆರೆಸಿ, ಐದು ನಿಮಿಷ ಅದರಲ್ಲಿ ಆಡಿಸಿ, ಚೆನ್ನಾಗಿ ತೊಳೆಯಿರಿ. ವಿನೆಗರ್ ವಾಸನೆ ಉಳಿದಿದ್ದರೆ ಒಮ್ಮೆ ನೊರೆ ಕಟ್ಟಿ ತೊಳೆದರೆ ಹೋಗುತ್ತದೆ.