ಲುಟೀನ್ ಹಡಗಿನ ಚಿನ್ನಕ್ಕೆ ಪಾಲುದಾರರಾಗುವ ಮುಂಚೆ

ಪ್ರಶ್ನೆ: 1799ರಲ್ಲಿ ಮುಳುಗಿದ ಬ್ರಿಟಿಷ್ ಫ್ರಿಗೇಟ್ (ಯುದ್ಧನೌಕೆ) ಲುಟೀನ್‌ನ ಚಿನ್ನ ಇನ್ನೂ ಸಮುದ್ರದಲ್ಲೇ ಇದೆಯಂತೆ. ಅದನ್ನು ಎತ್ತುವ ಕೆಲಸದಲ್ಲಿ ಪಾಲು ಕೊಡಿಸುತ್ತೇನೆ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಎರಡು ಲಕ್ಷ ಹಾಕಬಹುದೇ ಸರ್?

ಉತ್ತರ: ಬೇಡ. ಅಂಜನ ಹಾಕಿ ಹಿತ್ತಲಲ್ಲಿ ನಿಧಿ ತೋರಿಸುವವನಿಗೂ ನಿಮ್ಮ ಪರಿಚಯದವರಿಗೂ ವ್ಯತ್ಯಾಸ ಇಷ್ಟೇ, ಇವರ ಹಿತ್ತಲು ಹಾಲೆಂಡಿನಲ್ಲಿದೆ. ತಿಂಗಳಿಗೊಂದಾದರೂ ಇಂಥ ಪತ್ರ ಬರುತ್ತದೆ.

ಆ ಹಡಗು ಇಪ್ಪತ್ತು ವರ್ಷ ದುಡಿದಿದೆ. ಎಲ್ಲರಿಗೂ ಬೇಕಾಗಿರುವುದು ಕೊನೆಯ ರಾತ್ರಿ ಮಾತ್ರ. ಅದು ಹುಟ್ಟಾ ಬ್ರಿಟಿಷ್ ಹಡಗೂ ಅಲ್ಲ. 1779ರಲ್ಲಿ ಫ್ರಾನ್ಸಿನ ಟೂಲಾನ್ ಬಂದರಿನಲ್ಲಿ ನೀರಿಗಿಳಿದ 32 ತೋಪಿನ ಫ್ರೆಂಚ್ ಹಡಗು. ಲುಟೀನ್ ಅಂದರೆ ತುಂಟಿ. 1793ರಲ್ಲಿ ರಾಜನ ಪರ ಇದ್ದವರು ಕ್ರಾಂತಿಕಾರಿಗಳಿಗೆ ಹೆದರಿ ಬಂದರನ್ನೇ ಬ್ರಿಟಿಷರ ಕೈಗಿಟ್ಟರು. ವರ್ಷದ ಕೊನೆಗೆ ಬ್ರಿಟಿಷರು ಅಲ್ಲಿಂದ ಕಾಲು ಕಿತ್ತಾಗ ಇದೂ ಅವರ ಪಾಲಾಯಿತು. ಆಮೇಲೆ ಉತ್ತರ ಸಮುದ್ರದಲ್ಲಿ ಡಚ್ಚರ ಬಂದರಿಗೆ ಕಾವಲು ಹಾಕಿ, ಹಡಗುಗಳ ಓಡಾಟ ತಡೆಯುವ ಕೆಲಸ.

1799ರ ಅಕ್ಟೋಬರ್ 9ರಂದು ಹ್ಯಾಂಬರ್ಗ್‌ನ ವ್ಯಾಪಾರಿಗಳಿಗೆಂದು ಚಿನ್ನ, ಬೆಳ್ಳಿ ತುಂಬಿಕೊಂಡು ಇಂಗ್ಲೆಂಡಿನ ಯಾರ್ಮತ್‌ನಿಂದ ಹೊರಟಿತು. ರಾತ್ರಿ ವಾಯವ್ಯದ ಬಿರುಗಾಳಿ. ಜೊತೆಗೆ ಸೆಳೆತ. ಹಾಲೆಂಡಿನ ವ್ಲೀಲ್ಯಾಂಡ್, ಟೆರ್‌ಸ್ಕೆಲಿಂಗ್ ದ್ವೀಪಗಳ ನಡುವೆ ಮರಳುದಿಬ್ಬಕ್ಕೆ ಬಡಿಯಿತು. ಹಡಗಿನಲ್ಲಿ ಸುಮಾರು 240 ಜನ. ಉಳಿದವನು ಒಬ್ಬ.

ಇನ್ನು ಚಿನ್ನ. ಅದನ್ನು ತುಂಬಿದ್ದು ಸಪೂರ ಕಬ್ಬಿಣದ ಪಟ್ಟಿ ಬಿಗಿದ ಪೀಪಾಯಿಗಳಲ್ಲಿ. ಬೆಳ್ಳಿಯ ಪೀಪಾಯಿಗಂತೂ ಮರದ ಪಟ್ಟಿ. ವರ್ಷದೊಳಗೆ ಪಟ್ಟಿ ಬಿಟ್ಟುಕೊಂಡು ಗಟ್ಟಿಗಳೆಲ್ಲ ಚೆಲ್ಲಾಪಿಲ್ಲಿ. 1800–01ರಲ್ಲಿ ಅಲ್ಲಿನವರು 58 ಚಿನ್ನದ ಗಟ್ಟಿ ಎತ್ತಿದರು. ಆಮೇಲೆ ಮರಳು ಮುಚ್ಚಿತು. ಅರ್ಧ ಶತಮಾನದ ನಂತರ ನೀರಿನ ದಾರಿ ಸರಿದು ಹಡಗು ಕಂಡಾಗ ಮತ್ತೆ 41 ಸಿಕ್ಕವು. 1938ರಲ್ಲಿ ತವರದ ಅದಿರು ಬಾಚುವ ದೈತ್ಯ ಯಂತ್ರದ ಹಡಗು ಕರಿಮಾಟ ತಂದರು. ಸಿಕ್ಕಿದ್ದು ಒಂದೇ ಒಂದು ಗಟ್ಟಿ! ಜಾಗ ಗುಟ್ಟಲ್ಲ ಸ್ವಾಮಿ, ಮರಳು ನಿಲ್ಲುವುದಿಲ್ಲ. 'ಹೊಸ ನಕ್ಷೆ ಸಿಕ್ಕಿದೆ' ಎನ್ನುವವರನ್ನು ಬಾಗಿಲಲ್ಲೇ ಕಳಿಸಿ.

ಪ್ರಶ್ನೆ: ಫ್ರಿಗೇಟ್ ಅಂದರೆ ಆ ಕಾಲದ ಅತಿ ದೊಡ್ಡ ಯುದ್ಧನೌಕೆ ಅಲ್ವಾ?

ಉತ್ತರ: ಅಲ್ಲ. ದೊಡ್ಡವಕ್ಕೆ 74, 100 ತೋಪು ಇರುತ್ತಿದ್ದವು. ಇದು ಓಟದ ಹಡಗು.

ಪ್ರಶ್ನೆ: ಎಲ್ಲಿ ಹಡಗು ಮುಳುಗಿದರೂ ಲಂಡನ್ನಿನ ಲಾಯ್ಡ್ಸ್ ವಿಮಾ ಸಂಸ್ಥೆಯಲ್ಲಿ ಇದರ ಗಂಟೆ ಬಾರಿಸುತ್ತಾರಂತೆ?

ಉತ್ತರ: ಹಳೇ ಕತೆ. ಬರಬೇಕಾದ ಹಡಗು ತಡವಾದಾಗ, ಕೆಟ್ಟ ಸುದ್ದಿಗೆ ಒಂದು ಸಲ, ಒಳ್ಳೆಯ ಸುದ್ದಿಗೆ ಎರಡು ಸಲ ಬಾರಿಸುತ್ತಿದ್ದರು. ಈಗ ವಿಶೇಷ ಸಂದರ್ಭಕ್ಕೆ ಮಾತ್ರ. ಅಂದಹಾಗೆ, 1858ರಲ್ಲಿ ಮೇಲೆತ್ತಿದ ಆ ಗಂಟೆಯ ಮೇಲೆ ಲುಟೀನ್ ಎಂಬ ಹೆಸರೇ ಇಲ್ಲ. 'ಸ್ಯಾಂ ಝಾಂ (ಸಂತ ಜಾನ್) – 1779' ಎಂದು ಕೊರೆದಿದೆ. ಯಾಕೆ ಹಾಗೆ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ.